ಏಳು ಗಂಟೆಯ ಕೈದೋಣಿ

ನಮ್ಮೂರಿನಲ್ಲಿ ನಮ್ಮವರು ಕೊಟ್ಟ ಔಷಧಿ ನಮ್ಮವರಿಗೆ ನಾಟುವುದಿಲ್ಲ. ಹೊಳೆಯಾಚೆಯವರು ಬಂದು ಕೊಡಬೇಕು. ಹೊಳೆಯಾಚೆಯವರಿಗೂ ಅಷ್ಟೇ, ಅವರವರೇ ಕೊಟ್ಟುಕೊಂಡರೆ ಏನೂ ಆಗುವುದಿಲ್ಲ, ನಾವು ಹೋಗಿ ಕೊಡಬೇಕು. ಹೊರಗಿನಿಂದ ಬಂದವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮಗುವಿಗೆ ನೆಗಡಿಯಾದರೆ ತಾಯಿ ಶುಂಠಿ ಕಷಾಯ ಕಾಸಬಹುದು, ಸೋಸಬಹುದು, ಬೆಲ್ಲ ಹಾಕಿ ಆರಿಸಬಹುದು. ಕುಡಿಸಬಾರದು ಅಷ್ಟೇ. ಅವಳು ಕುಡಿಸಿದರೆ ಅದು ಬರೀ ಬಿಸಿನೀರು. ಲೋಟವನ್ನು ಜಗಲಿಯ ಮೇಲಿಟ್ಟು, ಬಾಗಿಲಿಗೊಂದು ಹಸಿರು ಬಟ್ಟೆ ಕಟ್ಟಿ, ಆಚೆದಡದವರು ಬರುವ ತನಕ ಕಾಯಬೇಕು. ಹಾಗೆ ಬರುವವರನ್ನು ನಾವು ‘ಕೈ’ ಎಂದು ಕರೆಯುತ್ತೇವೆ. ಬೆಳಿಗ್ಗೆ ಎದ್ದು ನಮ್ಮೂರ ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತೇ ‘ಕೈ ಬಂತಾ?’ ಎಂದು.

ನಮ್ಮ ಹೊಳೆಗೆ ಮೂರು ದೇಶಗಳ ದಡ. ಈಚೆಯದು ನಮ್ಮದು, ಆಚೆಯದು ಅವರದು, ಮೇಲೆ ಹೊಳೆ ತಿರುಗುವಲ್ಲಿ ಗುಡ್ಡದವರದು. ನಮ್ಮಜ್ಜಿಯ ಕಾಲದಲ್ಲಿ ಹೊಳೆಯ ನಡುವಿನ ಒಂದು ಮರಳುದಿಬ್ಬ ಯಾರದೆಂದು ಮೂವರಿಗೂ ಜಗಳವಾಗಿ ಒಂದು ಮಳೆಗಾಲವಿಡೀ ದೋಣಿ ನಿಂತಿತ್ತಂತೆ. ಮೂರು ಕಡೆಯೂ ಕಪಾಟಿನ ತುಂಬ ಔಷಧಿ, ಮೂರು ಕಡೆಯೂ ಸಾವು. ನಮ್ಮಜ್ಜಿಯ ಇಬ್ಬರು ತಮ್ಮಂದಿರು ತುಂಬಿದ ಸೀಸೆ ತಲೆದೆಸೆಯಲ್ಲಿ ಇದ್ದಂತೆಯೇ ಹೋಗಿಬಿಟ್ಟರು. ಮಳೆ ನಿಲ್ಲುವಷ್ಟರಲ್ಲಿ ಮೂವರಿಗೂ ಬುದ್ಧಿ ಬಂದು ಒಪ್ಪಂದವಾಯಿತು. ಮಾತ್ರೆ ಗುಡ್ಡದವರು ಮಾಡಬೇಕು, ದೋಣಿ ಆಚೆಯವರು ಕೊಡಬೇಕು, ಸೀಸೆ, ಹತ್ತಿ, ಬಟ್ಟೆ ನಮ್ಮದು. ಏನೇ ಜಗಳವಿರಲಿ, ಬೆಳಿಗ್ಗೆ ಏಳಕ್ಕೆ ಕೈದೋಣಿ ಹೊರಡಲೇಬೇಕು. ಜಗಳವೇನೂ ಕಡಿಮೆಯಾಗಿಲ್ಲ ಬಿಡಿ. ನಮ್ಮ ಪುರಸಭೆಯ ಅಧ್ಯಕ್ಷರು ವೇದಿಕೆ ಹತ್ತಿ ಆಚೆದಡದವರ ಜನ್ಮ ಜಾಲಾಡಿ, ಕೆಳಗಿಳಿದು, ಆಚೆದಡದವರ ಕೈಯಿಂದಲೇ ಬಿ.ಪಿ. ಮಾತ್ರೆ ನುಂಗಿ ಮನೆಗೆ ಹೋಗುತ್ತಾರೆ.

ಒಪ್ಪಂದದ ನಿಯಮಗಳನ್ನು ನಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿದ್ದಾರೆ. ಕೈಗಳು ರೋಗಿಗಳ ಮನೆಯಲ್ಲಿ ಊಟ ಮಾಡತಕ್ಕದ್ದಲ್ಲ. ರಾತ್ರಿ ತಂಗತಕ್ಕದ್ದಲ್ಲ. ಮೂರು ವರ್ಷಕ್ಕೊಮ್ಮೆ ಊರು ಬದಲಿಸತಕ್ಕದ್ದು. ಯಾಕೆ ಎಂದು ಬರೆದಿಲ್ಲ. ಸರ್ಕಾರಗಳಿಗೆ ಒಂದರ ಮೇಲೊಂದು ಅನುಮಾನ, ಇವರು ಹೋಗಿ ಅಲ್ಲಿ ಗುಟ್ಟು ಬಿಟ್ಟುಕೊಟ್ಟಾರು ಎಂಬ ಭಯ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಆ ಗೋಡೆಯ ಕೆಳಗೆ ಕೂತು ಮೂವತ್ತು ವರ್ಷ ಔಷಧಿ ಬೆರೆಸಿದ ಕಾಂಪೌಂಡರ್ ಹೊನ್ನಮ್ಮ ನಾನು. ನಾನೂ ಹಾಗೇ ಅಂದುಕೊಂಡಿದ್ದೆ.

ಲೀರಾ ನಮ್ಮೂರಿಗೆ ಬಂದದ್ದು ಹದಿನೆಂಟು ವರ್ಷದ ಹಿಂದೆ. ಉದ್ದನೆಯ ಹೆಂಗಸು, ಬೂದುಬಣ್ಣದ ಕೋಟು, ನಮ್ಮ ಭಾಷೆಯಲ್ಲಿ ಬರುತ್ತಿದ್ದದ್ದು ‘ಬಾಯಿ ತೆಗಿ’, ‘ನುಂಗು’ ಎಂಬ ಎರಡೇ ಮಾತು. ಮೊದಲ ದಿನವೇ ನನ್ನ ಮಗಳು ವನಮಾಲಳಿಗೆ ಜಂತುಹುಳದ ಔಷಧಿ ಕುಡಿಸಲು ಹೋಗಿ ಕಚ್ಚಿಸಿಕೊಂಡಳು. ಆರು ವರ್ಷದ ವನಿಗೆ ಹಲ್ಲು ಚೂಪಾಗಿತ್ತು. ಲೀರಾ ಕೈ ಕೊಡವಿಕೊಂಡು ಜೋರಾಗಿ ನಕ್ಕಳು. ಕಚ್ಚಿಸಿಕೊಂಡು ನಗುವವಳು ಒಳ್ಳೆಯವಳೇ ಇರಬೇಕು ಎಂದುಕೊಂಡೆ. ಔಷಧಿ ಕೊಡುವವಳನ್ನು ಬರೀ ಹೆಸರು ಹಿಡಿದು ಕೂಗುವುದು ಹೇಗೆಂದು ನಮ್ಮ ಮುದುಕಿಯರು ಅವಳನ್ನು ಲೀರಮ್ಮ ಎಂದರು. ಎರಡು ವರ್ಷವಾಗುವಷ್ಟರಲ್ಲಿ ಊರಿಗೆಲ್ಲ ಅವಳು ಲೀರಕ್ಕ.

ಅವಳು ಈಚೆ ಬರುವಾಗ ನಾನು ಕೈಯಾಗಿ ಆಚೆ ಹೋಗುತ್ತಿದ್ದೆ, ಮಂಗಳವಾರ ಮತ್ತು ಶುಕ್ರವಾರ. ವಾರಕ್ಕೆರಡೇ ದಿನದ ಕೈಗೆ ವರ್ಗವಿಲ್ಲ. ನನಗೆ ಹಚ್ಚಿದ ಬೀದಿಯಲ್ಲೇ ಅವಳ ತಾಯಿ ಬೆರಿಯಮ್ಮನ ಮನೆ. ಮುದುಕಿಗೆ ಮಂಡಿನೋವು. ಗೋಡೆ ಹಿಡಿಯದೆ ಏಳಲಾರಳು, ಕುಕ್ಕರಗಾಲಲ್ಲಿ ಕೂರುವ ಮಾತೇ ಇಲ್ಲ. ನಾನು ಎರಡು ಚಮಚ ಕುಡಿಸಿದರೆ ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ನೋವು ತಕ್ಕಮಟ್ಟಿಗೆ ಇಳಿಯುತ್ತಿತ್ತು, ಮೂರು ದಿನ ಬಿಟ್ಟು ಮತ್ತೆ ಏರುತ್ತಿತ್ತು. ಲೀರಾ ಭಾನುವಾರದ ರಜೆಯಲ್ಲಿ ತಾಯಿಯ ಕಾಲು ಒತ್ತುತ್ತಿದ್ದಳು. ಔಷಧಿ ಕೊಡುವ ಹಾಗಿರಲಿಲ್ಲ. ‘ಊರವರ ನೋವೆಲ್ಲ ತೆಗಿತೀನಿ, ನಮ್ಮಮ್ಮನ ಕಾಲು ಮಾತ್ರ ನೋಡ್ಕೊಂಡು ಕೂರ್ತೀನಿ’ ಎಂದು ಒಮ್ಮೊಮ್ಮೆ ಕಣ್ಣೀರು ಹಾಕಿಕೊಳ್ಳುತ್ತಿದ್ದಳು.

ಆದರೆ ಆ ಬೆರಿಯಮ್ಮ ಎಂಥ ಹೆಂಗಸು ಅಂತೀರಿ. ಹದಿನೆಂಟು ವರ್ಷದಲ್ಲಿ ನನಗೊಂದು ಲೋಟ ನೀರು ಕೊಟ್ಟವಳಲ್ಲ. ಮನೆಯೆಲ್ಲ ಹುಣಸೆಹುಳಿ ಹಾಕಿದ ಮೀನುಸಾರಿನ ಘಮ. ನಾನು ಹೊಸ್ತಿಲು ದಾಟಿದ ಕೂಡಲೇ ಮಡಕೆಗೆ ಮುಚ್ಚಳ ಮುಚ್ಚಿ, ಅದರ ಮೇಲೊಂದು ಕಲ್ಲು ಬೇರೆ ಇಡುತ್ತಿದ್ದಳು. ಬಾಯಿ ತುಂಬ ಮಾತಾಡಿಸುವುದಿಲ್ಲ, ನಗುವುದಿಲ್ಲ, ಔಷಧಿ ನುಂಗಿ ಬಾಗಿಲ ಕಡೆ ನೋಡುತ್ತಿದ್ದಳು. ಎದ್ದು ಹೋಗು ಎಂದೇ ಅದರ ಅರ್ಥ. ನಾನು ಬಂದು ಲೀರಾಳಿಗೆ ಚುಚ್ಚುತ್ತಿದ್ದೆ, ‘ನಿಮ್ಮಮ್ಮ ಜಿಪುಣರ ಜಿಪುಣಿ ಕಣೇ.’ ಅವಳು ನಾಚಿಕೊಂಡು ಮಾತು ಮರೆಸುತ್ತಿದ್ದಳು.

ನಾವು ಹಾಗಲ್ಲ. ನಮ್ಮದು ಕೈಯೆತ್ತಿ ಬಡಿಸುವ ಊರು. ಹದಿನಾಲ್ಕು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡಾಗ ನಾನು ಮೂರು ದಿನ ಅನ್ನ ಮುಟ್ಟಲಿಲ್ಲ. ಲೀರಾ ಸಂಜೆಯ ದೋಣಿಯನ್ನು ಬಿಟ್ಟು ನನ್ನ ಅಡುಗೆಮನೆಗೆ ನುಗ್ಗಿ, ಅನ್ನ ಮುದ್ದೆಯಾಗಿಸಿ, ಸಾರು ಸೀಯಿಸಿ, ತಟ್ಟೆಗೆ ಹಾಕಿ ತಂದಳು. ‘ನೀನು ತಿನ್ನದೆ ನಾನು ತಿನ್ನಲ್ಲ’ ಎಂದೆ ನಾನು. ಅವಳು ಗೋಡೆಯ ಮೇಲಿನ ನಿಯಮ ನೆನೆದು ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ಕೂತು ನನ್ನ ತಟ್ಟೆಯಿಂದಲೇ ತುತ್ತು ತೆಗೆದುಕೊಂಡಳು. ಆವತ್ತಿನಿಂದ ನನ್ನ ಮನೆಯಲ್ಲಿ ಅವಳಿಗೊಂದು ತಟ್ಟೆ, ಒಂದು ಚಾಪೆ. ನನ್ನನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಬೀದಿಯವರು. ಒಬ್ಬರ ಮನೆಯಲ್ಲಿ ಹೋಳಿಗೆ, ಇನ್ನೊಬ್ಬರ ಮನೆಯಲ್ಲಿ ಕಡುಬು. ಅವಳಿಗೆ ವರ್ಗದ ಕಾಗದ ಬಂದಾಗಲೆಲ್ಲ ನಾನೇ ಕೂತು ಮನವಿ ಬರೆದೆ, ಊರೆಲ್ಲ ರುಜು ಹಾಕಿತು. ಹೀಗೆ ಐದು ಸಲ. ಕೊನೆಗೆ ಆಚೆಯ ಅಧಿಕಾರಿಗಳು ಕಾಗದ ಕಳಿಸುವುದನ್ನೇ ನಿಲ್ಲಿಸಿದರು. ನಾವು ಗೆದ್ದೆವೆಂದು ಚೌಕದಲ್ಲಿ ಮಂಡಕ್ಕಿ ಹಂಚಿದೆವು.

ಹೋದ ವರ್ಷದಿಂದ ನಮ್ಮೂರಿನ ಕೆಮ್ಮು ಬೇಗ ಹೋಗುತ್ತಿರಲಿಲ್ಲ. ಮೂರು ದಿನದ ಜ್ವರ ಒಂಬತ್ತು ದಿನ ಹಿಡಿಯುತ್ತಿತ್ತು. ಹವೆ ಸರಿಯಿಲ್ಲ ಎಂದೆವು. ನೀರು ಸರಿಯಿಲ್ಲ ಎಂದೆವು. ಮೂವತ್ತು ವರ್ಷ ಅನುಭವವಿರುವ ನಾನು ಹೊಸ ಸೀಸೆಯ ಬಿರಡೆ ಸರಿಯಿಲ್ಲ ಎಂದೆ.

ಆ ಹೊತ್ತಿಗೆ ವನಿ ಬಾಣಂತನಕ್ಕೆ ಬಂದಳು. ಹೆಣ್ಣುಮಗು, ಮುಷ್ಟಿ ಬಿಗಿಹಿಡಿದು ಹುಟ್ಟಿತು. ಐದನೆಯ ದಿನ ವನಿಗೆ ಜ್ವರ ಏರಿತು. ನಮ್ಮ ಡಾಕ್ಟರು ಬಂದು ನೋಡಿ ಬರೆದುಕೊಟ್ಟರು, ನಾನು ಔಷಧಿ ಬೆರೆಸಿದೆ, ಲೀರಾ ಕುಡಿಸಿದಳು. ಇಳಿಯಲಿಲ್ಲ. ಮಾರನೆಯ ದಿನ ಹೊಸ ಮಾತ್ರೆ. ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಗುವನ್ನು ಪಕ್ಕದಲ್ಲಿ ಮಲಗಿಸಿದರೆ ವನಿ ‘ಇದು ಯಾರ ಮಗು ಅಮ್ಮಾ?’ ಎಂದಳು. ಡಾಕ್ಟರು ನನ್ನನ್ನು ಜಗಲಿಗೆ ಕರೆದು, ‘ಹೊನ್ನಮ್ಮನೋರೇ, ಇವತ್ತು ಇಳೀಲೇಬೇಕು. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ’ ಎಂದು ಹೇಳಿ ಹೋದರು.

ನಾನು ಒಳಗೆ ಬಂದು ಮೊಹರು ಒಡೆಯದ ಪೆಟ್ಟಿಗೆಯೊಂದನ್ನು ತೆಗೆದೆ. ಲೀರಾ ಮಾತ್ರೆ ಅರೆದು ನೀರಲ್ಲಿ ಕಲಸಿ ವನಿಯ ಬಾಯಿಗೆ ಬಿಟ್ಟಳು. ಹಣೆ ಮುಟ್ಟಿ ನೋಡುತ್ತ ಒಂದು ಗಂಟೆ ಕೂತೆವು. ಹೆಂಚು ಕಾದ ಹಾಗೆ ಕಾದಿತ್ತು. ಲೀರಾಳಿಗೆ ತಡೆಯಲಾಗಲಿಲ್ಲ. ಎದ್ದು ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು.

‘ಈ ಆಚೆಯವರೇ ಹೀಗೆ ಕಣೇ ಹೊನ್ನಿ! ಪೆಟ್ಟಿಗೆನ ದೋಣೀಲಿ ಬಿಸಿಲಿಗೆ ಇಟ್ಟು ತರ್ತಾರೆ. ನಮ್ಮವರ ಜೀವ ಅಂದ್ರೆ ಅವರಿಗೆ ಅಷ್ಟೇ ಸಸಾರ!’

ಹೇಳಿ ಮುಗಿಸಿದವಳು ಹಾಗೇ ನಿಂತಳು. ನಾನೂ ಅವಳ ಮುಖ ನೋಡಿದೆ. ತನ್ನ ಸ್ವಂತ ದಡದವರನ್ನು ಅವಳು ಆಚೆಯವರು ಎಂದಿದ್ದಳು. ನಮ್ಮನ್ನು ನಮ್ಮವರು ಎಂದಿದ್ದಳು. ಬಾಯಿ ತಪ್ಪಿ ಬಂದ ಮಾತಲ್ಲ ಅದು, ಎಷ್ಟೋ ವರ್ಷದಿಂದ ಹಾಗೇ ಅನ್ನುತ್ತಿದ್ದಳು, ನಾವೆಲ್ಲ ತಲೆಯಾಡಿಸುತ್ತಿದ್ದೆವು. ಊಟ ಮಾಡತಕ್ಕದ್ದಲ್ಲ, ತಂಗತಕ್ಕದ್ದಲ್ಲ, ಊರು ಬದಲಿಸತಕ್ಕದ್ದು. ಮೂವತ್ತು ವರ್ಷ ತಲೆಯ ಮೇಲಿದ್ದ ಬರಹ ಆವತ್ತು ನನ್ನ ತಲೆಯೊಳಗೆ ಹೋಯಿತು. ನಾವು ತುತ್ತು ತುತ್ತಾಗಿ ಅವಳನ್ನು ನಮ್ಮವಳನ್ನಾಗಿ ಮಾಡಿಕೊಂಡಿದ್ದೆವು. ಮೊದಲ ತುತ್ತು ಕೊಟ್ಟವಳು ನಾನು.

ಲೀರಾ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ‘ಹೊನ್ನಿ, ಕೈ ಹೋಯ್ತು ಕಣೇ’ ಎಂದಳು. ಆಮೇಲೆ ಚಪ್ಪಲಿ ಕೂಡ ಹಾಕಿಕೊಳ್ಳದೆ ಕೆಳಗಿನ ಬೀದಿಯ ಕಡೆ ಓಡಿದಳು.

ಕೆಳಗಿನ ಬೀದಿಯ ಕೈ ಕೋರೆನ್ ಎಂಬ ಹುಡುಗ, ಬಂದು ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಮುಖದಲ್ಲಿ ನಗೆ ಎಂಬುದೇ ಇಲ್ಲ. ನಾನು ಕಾಫಿ ಕೊಟ್ಟರೆ ‘ಬೇಡ’ ಎಂದು ಲೋಟವನ್ನು ಹಿಂದಕ್ಕೆ ತಳ್ಳಿದ್ದ. ‘ಇವನ ಮೂತಿ ನೋಡಿದ್ರೆ ಇರೋ ಆರೋಗ್ಯವೂ ಹೋಗುತ್ತೆ’ ಎಂದು ನಾನು ಚೌಕದಲ್ಲಿ ನಿಂತು ಹೇಳಿದ್ದೆ. ಅವನನ್ನು ಬದಲಿಸಿ ಎಂಬ ಮನವಿ ಅರ್ಧ ಬರೆದು ನನ್ನ ಮೇಜಿನ ಮೇಲೇ ಇತ್ತು. ಅವನು ಲೀರಾಳ ಹಿಂದೆ ಏದುಸಿರು ಬಿಡುತ್ತ ಬಂದ. ಕೈ ತೊಳೆದ. ನಾನು ನಾಚಿಕೆ ಬಿಟ್ಟು ಅವನ ಮುಂದೆ ಕೈಮುಗಿದೆ.

‘ಏನೇನೋ ಅಂದುಬಿಟ್ಟಿದ್ದೀನಪ್ಪಾ. ಮನಸ್ಸಲ್ಲಿ ಇಟ್ಕೋಬೇಡ.’

‘ಇಟ್ಕೊಂಡಿದ್ದೀನಿ ಅಮ್ಮ. ಇಟ್ಕೊಂಡ್ರೇ ಒಳ್ಳೇದು’ ಎಂದ ಅವನು, ನಗದೆ.

ಅದೇ ಪೆಟ್ಟಿಗೆಯ ಮಾತ್ರೆ, ಅದೇ ಲೋಟ, ಅದೇ ನೀರು. ವನಿಯ ಬಾಯಿಗೆ ಬಿಟ್ಟು ಗೋಡೆಗೊರಗಿ ನಿಂತ. ಹತ್ತು ಗಂಟೆಗೆ ಕೊಟ್ಟದ್ದು, ಹನ್ನೊಂದಕ್ಕೆ ಅವಳ ಕತ್ತಿನ ಬಳಿ ಬೆವರಿನ ಹನಿ ಕಂಡಿತು. ಹನ್ನೆರಡಕ್ಕೆ ಹಾಸಿಗೆಯೆಲ್ಲ ಒದ್ದೆ. ಮಧ್ಯಾಹ್ನ ವನಿ ಕಣ್ಣುಬಿಟ್ಟು, ‘ಎಲ್ಲಿ ನನ್ನ ಮಗು? ಹಸಿದಿರತ್ತೆ, ಕೊಡಿ’ ಎಂದಳು. ನಾನು ಮಗುವನ್ನು ಅವಳ ಕೈಗಿಟ್ಟು ಗಟ್ಟಿಯಾಗಿ ಅತ್ತುಬಿಟ್ಟೆ.

ಅತ್ತು ಮುಗಿಸಿ ನೋಡಿದರೆ ಲೀರಾ ಒಳಗಿರಲಿಲ್ಲ. ಜಗಲಿಯ ತುದಿಯಲ್ಲಿ ಕೂತಿದ್ದಳು, ಕೈ ಮಡಿಲಲ್ಲಿತ್ತು. ‘ವನಿ ಬದುಕಿದ್ಲು, ಅಷ್ಟು ಸಾಕು’ ಎಂದಳು. ಆಮೇಲೆ, ‘ಇನ್ನು ನಾನೇನು ಮಾಡ್ಲಿ ಹೊನ್ನಿ? ನನಗೆ ಬರೋದು ಇದೊಂದೇ’ ಎಂದಳು. ನಾನು ಅವಳನ್ನು ತಬ್ಬಿ ಕೂತೆ. ಅವಳ ಕೈ ಕಳೆದವಳು ನಾನೇ. ಅದು ಅವಳಿಗೂ ಗೊತ್ತಿತ್ತು.

ಕೋರೆನ್ ಹೊರಡುವಾಗ ನಮ್ಮೆದುರು ನಿಂತ. ‘ಅಕ್ಕಾ, ಈ ದಡದಲ್ಲಿ ನಿಮ್ಮ ಕೈ ಹೋಗಿದ್ರೆ, ಆ ದಡದಲ್ಲಿ ಬಂದಿರಬೇಕು’ ಎಂದ. ಲೀರಾ ತಲೆಯೆತ್ತಿ, ‘ನಮ್ಮಮ್ಮನಿಗೂ?’ ಎಂದಳು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ಶುಕ್ರವಾರ ಏಳು ಗಂಟೆಯ ದೋಣಿಗೆ ಲೀರಾ ನನ್ನ ಜೊತೆ ಬಂದಳು. ಹದಿನೆಂಟು ವರ್ಷ ಎದುರಿನಿಂದ ಬರುತ್ತಿದ್ದ ದೋಣಿಯಲ್ಲಿ ಕೂರುತ್ತಿದ್ದವಳು, ಮೊದಲ ಸಲ ನಮ್ಮ ಕಡೆಯ ಕೈಯಾಗಿ ನಮ್ಮ ಹಲಗೆಯ ಮೇಲೆ ಕೂತಳು. ಹೊಳೆಯ ಮಧ್ಯದಲ್ಲಿ ನನ್ನ ಕೈ ಹಿಡಿದುಕೊಂಡಳು.

‘ನಾಟಿದ್ರೆ ಸಾಕು ಕಣೇ’ ಎಂದಳು. ಇನ್ನಷ್ಟು ದೂರ ಹೋದ ಮೇಲೆ, ‘ನಾಟದೆ ಇದ್ರೆ ಸಾಕು’ ಎಂದಳು.

ನಾಟದಿದ್ದರೆ ಅವಳು ಯಾವ ದಡಕ್ಕೂ ಕೈಯಲ್ಲ. ನಾಟಿದರೆ ಅವಳು ತಾಯಿಗೆ ಹೊರಗಿನವಳು. ನಾನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.

ಬೆರಿಯಮ್ಮ ಮಂಡಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೊರಗಿ ಕೂತಿದ್ದಳು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಹುಬ್ಬು ಗಂಟಿಕ್ಕಿದಳು. ಒಲೆಯ ಮೇಲೆ ಮಡಕೆ, ಮಡಕೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಲೀರಾ ತಾಯಿಯ ಪಕ್ಕ ಕೂತು ಅವರ ಭಾಷೆಯಲ್ಲಿ ನಡೆದದ್ದೆಲ್ಲ ಹೇಳಿದಳು. ನನಗೂ ಆ ಭಾಷೆ ಈಗ ಸಾಕಷ್ಟು ತಿಳಿಯುತ್ತದೆ. ಕೆಮ್ಮು ಹೋಗದ್ದು, ವನಿಯ ಜ್ವರ, ಕೋರೆನ್ ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಮುದುಕಿ ಮಗಳ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಕೇಳಿ ಮುಗಿಸಿ, ‘ಸರಿ, ಕೊಡು. ನೋಡೇಬಿಡೋಣ’ ಎಂದಳು.

ನಾನು ಸೀಸೆಯನ್ನು ಲೀರಾಳ ಕೈಗೆ ಕೊಟ್ಟೆ. ಸಾವಿರ ಬಾಯಿಗೆ ಔಷಧಿ ಬಿಟ್ಟ ಕೈ ಅದು. ಆದರೂ ಆವತ್ತು ಮೊದಲ ಚಮಚ ಅರ್ಧ ಚೆಲ್ಲಿ ಮುದುಕಿಯ ಗಲ್ಲದ ಮೇಲೆ ಇಳಿಯಿತು. ಲೀರಾ ಸೆರಗಿನಿಂದ ಅದನ್ನು ಒರೆಸಿ ಮತ್ತೆ ಎರಡು ಚಮಚ ಕುಡಿಸಿದಳು. ಮುದುಕಿ ಕಣ್ಣುಮುಚ್ಚಿ ನುಂಗಿದಳು. ಆಮೇಲೆ ಎಲೆಯಡಿಕೆ ಹಾಕಿಕೊಂಡು ಜಗಿಯತೊಡಗಿದಳು. ನಾವಿಬ್ಬರೂ ಅವಳ ದವಡೆಯನ್ನೇ ನೋಡುತ್ತ ಕೂತೆವು. ಅಷ್ಟು ನಿಧಾನವಾಗಿ ಎಲೆಯಡಿಕೆ ಜಗಿದವರನ್ನು ನಾನು ಕಂಡಿಲ್ಲ.

ಕೊನೆಗೆ ಮುದುಕಿ ತಲೆಯಾಡಿಸಿದಳು. ‘ಇಲ್ಲ. ಎಲ್ಲಿ ನಾಟ್ತು? ಹಾಗೇ ಇದೆ, ಸೂಜಿ ಚುಚ್ಚಿದ ಹಾಗೆ. ನಿನ್ನ ಕೈ ನನಗೆ ಹೇಗೆ ನಾಟುತ್ತೆ, ಹೆತ್ತಿದ್ದೀನಲ್ಲ’ ಎಂದಳು.

ಲೀರಾ ತಾಯಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ದುಃಖವೋ ಸಂತೋಷವೋ ನನಗೆ ತಿಳಿಯಲಿಲ್ಲ, ಎರಡೂ ಇರಬೇಕು. ಬೆರಿಯಮ್ಮ ಅವಳ ಬೆನ್ನು ಸವರುತ್ತಿದ್ದಳು. ಎಂದಿನಂತೆ ನನ್ನ ಕೈಯಿಂದ ಕೊಡಬೇಕಲ್ಲ ಎಂದು ನಾನು ಸೀಸೆಯ ಬಿರಡೆ ತೆಗೆದೆ. ಮುದುಕಿ ಕೈಯಡ್ಡ ಹಿಡಿದು, ‘ಇರು’ ಎಂದಳು.

ಮಗಳ ತಲೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು ಎದ್ದಳು. ಗೋಡೆ ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ನಡೆದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ಹದಿನೆಂಟು ವರ್ಷದಲ್ಲಿ ನಾನೊಮ್ಮೆಯೂ ಕಾಣದ ಹಾಗೆ. ಮುಚ್ಚಳದ ಮೇಲಿನ ಕಲ್ಲನ್ನು ತೆಗೆದು ಕೆಳಗಿಟ್ಟಳು. ಮುಚ್ಚಳ ತೆಗೆದಳು. ಮೂರು ತಟ್ಟೆಗೆ ಅನ್ನ ಹಾಕಿ, ಮೀನುಸಾರು ಬಿಟ್ಟು, ಒಂದನ್ನು ತಂದು ನನ್ನ ಮುಂದಿಟ್ಟಳು.

‘ತಿನ್ನು ಹೊನ್ನಮ್ಮ. ನಿನ್ನೆದುರಿಗೆ ಮುಚ್ಚಿ ಮುಚ್ಚಿ ಸಾಕಾಗಿದೆ ನನಗೆ. ನೀನು ಬಾಯಾರಿ ಬಂದಾಗಲೆಲ್ಲ ಹೊಟ್ಟೆ ಚುರ್ ಅಂತಿತ್ತು. ಉಣ್ಣಿಸಿಬಿಟ್ಟಿದ್ರೆ ಈ ಬೀದಿಗೆಲ್ಲ ಕೈ ಯಾರು?’

ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಜಿಪುಣಿ ಎಂದು ನಾನು ಆಡಿಕೊಂಡ ಹೆಂಗಸು ಅಷ್ಟು ವರ್ಷ ನನ್ನ ಕೈಯನ್ನು ಕಾಪಾಡಿಕೊಂಡು ಬಂದಿದ್ದಳು. ಇವತ್ತು ನನಗೆ ಉಣ್ಣಿಸುತ್ತಿದ್ದಾಳೆ ಎಂದರೆ ಇವತ್ತಿನಿಂದ ನನ್ನ ಕೈ ಅವಳಿಗೆ ಬೇಡ. ಬೇರೆ ಕೈ ಸಿಕ್ಕಿದೆ.

ಲೀರಾ ಎದ್ದು ಕೂತಿದ್ದಳು. ನನ್ನ ಮುಂದಿನ ತಟ್ಟೆಯನ್ನು ನೋಡಿದಳು. ಮತ್ತೆ ಒಲೆಯ ಮುಂದೆ ಹೋಗಿ ಮಂಡಿ ಮಡಿಸಿ ಕೂತ ತಾಯಿಯನ್ನು ನೋಡಿದಳು. ಅವಳಿಗೂ ಗೊತ್ತಾಯಿತು. ಬೆರಿಯಮ್ಮ ನಮ್ಮ ಕಡೆ ತಿರುಗದೆ, ಬೆಂಕಿಯನ್ನು ಕೆದಕುತ್ತ, ‘ಅಬ್ಬಾ, ಏನು ನೋವು ಈ ಹಾಳು ಮಂಡಿ’ ಎಂದಳು. ‘ಹೌದಮ್ಮಾ’ ಎಂದಳು ಲೀರಾ, ಕಣ್ಣು ಒರೆಸಿಕೊಂಡು. ‘ನನ್ನ ಕೈ ನಿನಗೆ ನಾಟಲ್ಲ ಬಿಡು. ನಾನು ಸುಮ್ನೆ ಕೊಡ್ತಾ ಇರ್ತೀನಿ, ನೀನು ಸುಮ್ನೆ ಕುಡೀತಾ ಇರು.’

ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ನಾನು ಎರಡು ಸಲ ಬಡಿಸಿಕೊಂಡೆ.

ಈಗ ಕೋರೆನ್‌ಗೆ ನಮ್ಮೂರಿನಲ್ಲಿ ಯಾರೂ ನೀರು ಸಹ ಕೊಡುವುದಿಲ್ಲ. ವನಿಯ ಮಗುವಿಗೆ ಹೆಸರಿಟ್ಟ ದಿನ ಅವನು ಬೀದಿಯಲ್ಲಿ ಹೋಗುತ್ತಿದ್ದರೆ ನಾನೇ ಹೋಳಿಗೆಯ ಬುಟ್ಟಿಗೆ ಬಟ್ಟೆ ಮುಚ್ಚಿ ಮುಖ ತಿರುಗಿಸಿದೆ. ಹೊಟ್ಟೆ ಚುರ್ ಎಂದಿತು. ಆಚೆದಡದ ಆ ಬೀದಿಗೆ ಮಂಗಳವಾರ, ಶುಕ್ರವಾರ ಲೀರಕ್ಕ ಔಷಧಿಯ ಚೀಲ ಹಿಡಿದು ಹೋಗುತ್ತಾಳೆ. ನಾನೂ ಅದೇ ದೋಣಿಯಲ್ಲಿ ಹೋಗುತ್ತೇನೆ, ಬೆರಿಯಮ್ಮನ ಮನೆಗೆ, ಊಟಕ್ಕೆ.